ಹಳೆಯ ಲೆಗೋ ಪೆಟ್ಟಿಗೆಯನ್ನು ಮತ್ತೆ ತೆರೆಯುವವರಿಗೆ

ಬಾಲ್ಯದಲ್ಲಿ ಲೆಗೋ ಇಟ್ಟಿಗೆಗಳಿಂದ ಕೋಟೆ, ಹಡಗು, ರೈಲುಗಳನ್ನು ಕಟ್ಟಿ, ಹದಿಹರೆಯದಲ್ಲಿ ಅದನ್ನು ಬಿಟ್ಟು, ವಯಸ್ಕರಾದ ಮೇಲೆ ಮತ್ತೆ ಅದರ ಕಡೆಗೆ ಕೈಚಾಚುವವರು ಜಗತ್ತಿನಾದ್ಯಂತ ಇದ್ದಾರೆ. ಹೀಗೆ ಮರಳುವವರಲ್ಲಿ ಅನೇಕರು ಮೊದಲು ಮಾಡುವ ಕೆಲಸವೆಂದರೆ ಸಾವಿರಾರು ಬಿಡಿಭಾಗಗಳಿರುವ ದೊಡ್ಡದೊಂದು ಹೊಸ ಸೆಟ್ ಕೊಳ್ಳುವುದು. 2020ರಿಂದ ಪೆಟ್ಟಿಗೆಗಳ ಮೇಲೆ '18+' ಎಂದು ಮುದ್ರಿಸಿ ವಯಸ್ಕರಿಗೆಂದೇ ಸೆಟ್‌ಗಳು ಬರುತ್ತಿರುವುದರಿಂದ ಆ ಸೆಳೆತ ಸಹಜವೇ. ಆದರೆ ಮನೆಯಲ್ಲಿ ಹಳೆಯ ಇಟ್ಟಿಗೆಗಳು ಉಳಿದಿದ್ದರೆ ಅವುಗಳಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೊಸ ಸೆಟ್ಟನ್ನು ಸೂಚನಾ ಪುಸ್ತಕ ನೋಡಿಕೊಂಡು ಜೋಡಿಸಿ ಮುಗಿಸಬಹುದು. ಹಳೆಯ ರಾಶಿಯಾದರೋ ಪ್ರತಿ ಹೆಜ್ಜೆಯಲ್ಲೂ ಯೋಚನೆಯನ್ನು ಬೇಡುತ್ತದೆ, ಮತ್ತು ಹವ್ಯಾಸ ಬೇರೂರುವುದು ಆ ಯೋಚನೆಯಲ್ಲಿಯೇ.

ಹಳೆಯ ಇಟ್ಟಿಗೆಗಳು ಇಂದಿನವುಗಳೊಂದಿಗೆ ಕೂಡುತ್ತವೆಯೇ ಎಂಬ ಸಂದೇಹ ಬೇಡ. ಮೇಲೆ ಗುಬಟು (ದುಂಡನೆಯ ಪುಟ್ಟ ಉಬ್ಬು), ಕೆಳಗೆ ಟೊಳ್ಳು ಕೊಳವೆ ಇರುವ ಈಗಿನ ವಿನ್ಯಾಸಕ್ಕೆ ಡೆನ್ಮಾರ್ಕಿನಲ್ಲಿ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದ್ದು 1958ರ ಜನವರಿ 28ರಂದು. ಅಂದಿನಿಂದ ಅಳತೆ ಬದಲಾಗಿಲ್ಲ. 1963ರಿಂದ ಬಳಕೆಗೆ ಬಂದ ಎಬಿಎಸ್ ಪ್ಲಾಸ್ಟಿಕ್ ತನ್ನ ಆಕಾರವನ್ನು ದಶಕಗಳ ಕಾಲ ಉಳಿಸಿಕೊಳ್ಳುತ್ತದೆ. ಅದಕ್ಕೂ ಹಿಂದಿನ ಸೆಲ್ಯುಲೋಸ್ ಅಸಿಟೇಟ್ ಇಟ್ಟಿಗೆಗಳು ಮಾತ್ರ ಕಾಲಕ್ರಮದಲ್ಲಿ ಸೊಟ್ಟಗಾಗಿರುತ್ತವೆ. ಹಿರಿಯರ ಪೆಟ್ಟಿಗೆಯಲ್ಲಿ ಅಂಥವು ಸಿಕ್ಕರೆ ನೆನಪಿಗಾಗಿ ಬೇರೆ ಇಟ್ಟುಕೊಳ್ಳಬೇಕೇ ಹೊರತು ಕಟ್ಟಲು ಬಳಸಬಾರದು.

ಮೊದಲ ಕೆಲಸ ತೊಳೆಯುವುದು. ಅದಕ್ಕೂ ಮುನ್ನ ಮೋಟಾರು, ದೀಪ, ಬ್ಯಾಟರಿ ಪೆಟ್ಟಿಗೆ, ಚೀಟಿ ಅಂಟಿಸಿದ ಭಾಗಗಳು ಮತ್ತು ಬಟ್ಟೆಯ ತುಣುಕುಗಳನ್ನು ಆರಿಸಿ ಬದಿಗಿಡಬೇಕು. ಉಳಿದವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸಾಬೂನು ಬೆರೆಸಿ ಕೈಯಿಂದಲೇ ತೊಳೆಯಬೇಕು. ನೀರಿನ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಏಕೆಂದರೆ ಹೆಚ್ಚಿನ ಬಿಸಿಗೆ ತೆಳುವಾದ ಭಾಗಗಳು ಬಾಗುತ್ತವೆ, ಇಟ್ಟಿಗೆಗಳ ಹಿಡಿತವೂ ಸಡಿಲವಾಗುತ್ತದೆ. ತೊಳೆದ ಮೇಲೆ ಬಟ್ಟೆಯ ಮೇಲೆ ಒಂದೇ ಪದರದಲ್ಲಿ ಹರಡಿ, ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಕೊಳವೆಗಳ ಸುತ್ತ ನಿಂತ ನೀರು ಆರಲು ನಿರೀಕ್ಷೆಗಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ ನಡುವೆ ಒಮ್ಮೆ ಕೊಡವಿ ಮಗುಚುವುದು ಲೇಸು.

ಬಿಳಿ, ಬೂದು ಮತ್ತು ನೀಲಿ ಇಟ್ಟಿಗೆಗಳು ಹಳದಿಗೆ ತಿರುಗಿದ್ದರೆ ಅದಕ್ಕೆ ಮುಖ್ಯ ಕಾರಣ ಬೆಳಕಿನಲ್ಲಿರುವ ನೇರಳಾತೀತ ಕಿರಣ. ಹೈಡ್ರೋಜನ್ ಪೆರಾಕ್ಸೈಡಿನ ದುರ್ಬಲ ದ್ರಾವಣದಲ್ಲಿ ಮುಳುಗಿಸಿ ಬಿಸಿಲಿಗಿಟ್ಟು ಬಣ್ಣ ಮರಳಿಸುವ ವಿಧಾನವೊಂದು ಚಾಲ್ತಿಯಲ್ಲಿದೆ. ಕೈಗವಸು, ಕನ್ನಡಕ ಧರಿಸಿ, ಮಕ್ಕಳಿಂದ ದೂರವಿಟ್ಟು ಮಾಡಿದರೆ ಅದು ಫಲಿಸುತ್ತದೆ. ಆದರೂ ಹಳದಿ ಮತ್ತೆ ಕಾಣಿಸಿಕೊಳ್ಳುವುದುಂಟು. ಅಪರೂಪದ ಭಾಗಗಳನ್ನು ಬಿಟ್ಟರೆ ಉಳಿದವಕ್ಕೆ ಈ ಶ್ರಮ ತಕ್ಕುದಲ್ಲ. ಹಳದಿಯಾದ ಇಟ್ಟಿಗೆಗಳನ್ನು ಗೋಡೆಯ ಒಳಭಾಗಕ್ಕೆ ಬಳಸಿದರಾಯಿತು.

ಮುಂದಿನದು ವಿಂಗಡಣೆ. ಬಣ್ಣದ ಪ್ರಕಾರ ಬೇರ್ಪಡಿಸಬೇಕೆಂದು ಯಾರಿಗಾದರೂ ಮೊದಲು ತೋರುತ್ತದೆ, ಫಲಿತಾಂಶ ನೋಡಲು ಚೆಲುವಾಗಿಯೂ ಇರುತ್ತದೆ. ಕಟ್ಟುವಾಗ ಮಾತ್ರ ಅದು ತೊಡಕಾಗುತ್ತದೆ. ಬಗೆಬಗೆಯ ಬಣ್ಣಗಳ ನಡುವೆ ಕೆಂಪು ತುಣುಕನ್ನು ಕಣ್ಣು ಒಡನೆಯೇ ಗುರುತಿಸುತ್ತದೆ, ಆದರೆ ಕೆಂಪು ರಾಶಿಯೊಳಗೆ ಹುದುಗಿದ ಚಿಕ್ಕದೊಂದು ಕೆಂಪು ಕೀಲನ್ನು ಹುಡುಕುವುದು ತಾಳ್ಮೆಯ ಪರೀಕ್ಷೆಯೇ ಸರಿ. ಆದ್ದರಿಂದ ಆಕಾರವನ್ನು ಅನುಸರಿಸಿ ವಿಂಗಡಿಸಬೇಕು: ಇಟ್ಟಿಗೆಗಳು, ಅವುಗಳ ಮೂರನೆಯ ಒಂದರಷ್ಟು ಎತ್ತರದ ಪ್ಲೇಟ್‌ಗಳು, ಮೇಲೆ ಗುಬಟಿಲ್ಲದ ಟೈಲ್‌ಗಳು, ಇಳಿಜಾರಿನ ಭಾಗಗಳು, ಬಾಗಿಲು ಕಿಟಕಿಗಳು, ಚಕ್ರಗಳು, ಟೆಕ್ನಿಕ್ ಭಾಗಗಳು (ಹಲ್ಲುಚಕ್ರ, ತೂತಿರುವ ತೊಲೆಗಳಂಥ ಯಂತ್ರಭಾಗಗಳು), ಗೊಂಬೆಗಳು. ಆರಂಭಕ್ಕೆ ಇಷ್ಟು ಸಾಕು. ಯಾವುದಾದರೊಂದು ಡಬ್ಬಿಯಲ್ಲಿ ಕೈಯಾಡಿಸಿ ಹುಡುಕುವುದು ಬೇಸರವಾದಾಗ ಅದೊಂದನ್ನು ಮಾತ್ರ ಮತ್ತೆ ಎರಡಾಗಿ ಒಡೆಯಬೇಕು. ಒಂದೇ ಸಲಕ್ಕೆ ನೂರು ಖಾನೆಗಳ ವ್ಯವಸ್ಥೆ ಮಾಡಿಕೊಂಡವರು ವಿಂಗಡಿಸುತ್ತಲೇ ದಣಿದು, ಕಟ್ಟುವ ಹೊತ್ತಿಗೆ ಆಸಕ್ತಿ ಕಳೆದುಕೊಂಡಿರುತ್ತಾರೆ. ಇದೇ ವೇಳೆ ಭಾಗದ ಒಳಬದಿಯನ್ನು ದೀಪದ ಬೆಳಕಿಗೆ ಹಿಡಿದು ನೋಡಿದರೆ ಅನೇಕ ಭಾಗಗಳಲ್ಲಿ ಸಣ್ಣ ಅಂಕಿಗಳು ಕಾಣುತ್ತವೆ. ಎರಡಕ್ಕೆ ನಾಲ್ಕು ಗುಬಟಿನ ಪ್ರಸಿದ್ಧ ಇಟ್ಟಿಗೆಯ ಸಂಖ್ಯೆ 3001. ಈ ಸಂಖ್ಯೆಗಳು ಮುಂದೆ ಭಾಗಗಳನ್ನು ಹುಡುಕಿ ಕೊಳ್ಳುವಾಗ ಉಪಯೋಗಕ್ಕೆ ಬರುತ್ತವೆ.

ಈಗ ಬಾಲ್ಯದ ಸೆಟ್‌ಗಳಲ್ಲಿ ಒಂದನ್ನು, ಒಂದನ್ನು ಮಾತ್ರ, ಮತ್ತೆ ಕಟ್ಟಬೇಕು. ಸೂಚನಾ ಪುಸ್ತಕ ಕಳೆದಿದ್ದರೆ ಚಿಂತೆಯಿಲ್ಲ. ಸೆಟ್ಟಿನ ಸಂಖ್ಯೆ ಗೊತ್ತಿದ್ದರೆ ಅನೇಕ ಹಳೆಯ ಪುಸ್ತಕಗಳ ಪ್ರತಿಗಳು ಅಂತರಜಾಲದಲ್ಲಿ ದೊರೆಯುತ್ತವೆ, ಬ್ರಿಕ್‌ಲಿಂಕ್ ಮತ್ತು ರಿಬ್ರಿಕಬಲ್ ತಾಣಗಳಲ್ಲಿ ಆಯಾ ಸೆಟ್ಟಿನ ಬಿಡಿಭಾಗಗಳ ಪೂರ್ಣ ಪಟ್ಟಿಯೂ ಇರುತ್ತದೆ. ಕಾಣೆಯಾದ ಭಾಗಗಳನ್ನು ಬಿಡಿಯಾಗಿ ಕೊಳ್ಳುವಾಗ ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. 2004ರ ಆಸುಪಾಸಿನಲ್ಲಿ ಸಂಸ್ಥೆಯು ತಿಳಿಬೂದು, ಕಡುಬೂದು ಮತ್ತು ಕಂದು ಬಣ್ಣಗಳನ್ನು ಬದಲಿಸಿತು. ಈಗಿನ ಬೂದು ಬಣ್ಣಗಳಲ್ಲಿ ತುಸು ನೀಲಿಛಾಯೆ ಇದೆ, ಕಂದಿನಲ್ಲಿ ಕೆಂಪುಛಾಯೆ ಇದೆ. ಹಳೆಯ ಕೋಟೆಯ ಗೋಡೆಗೆ ಹೊಸ ಬೂದು ಇಟ್ಟಿಗೆ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹೊಸ ಕಂದಿನ ಭಾಗಗಳಲ್ಲಿ, ಅದರಲ್ಲೂ ಮೊದಲ ವರ್ಷಗಳಲ್ಲಿ ತಯಾರಾದವುಗಳಲ್ಲಿ, ಬಿರುಕು ಬಿಡುವ ಸ್ವಭಾವವಿದೆಯೆಂಬುದನ್ನೂ ನೆನಪಿಡಬೇಕು.

ಸ್ವಂತ ವಿನ್ಯಾಸಕ್ಕೆ ಇಳಿಯುವ ಮುನ್ನ ಅಳತೆಗಳ ಲೆಕ್ಕವನ್ನು ಮನದಟ್ಟು ಮಾಡಿಕೊಳ್ಳಬೇಕು, ಏಕೆಂದರೆ ಬಾಲ್ಯದ ಕಟ್ಟಡಕ್ಕೂ ವಯಸ್ಕರ ಕಟ್ಟಡಕ್ಕೂ ಇರುವ ಅಂತರವೆಲ್ಲ ಇಲ್ಲಿದೆ. ಒಂದು ಗುಬಟಿನ ಮಧ್ಯದಿಂದ ಮುಂದಿನದರ ಮಧ್ಯಕ್ಕೆ 8 ಮಿಲಿಮೀಟರ್; ಇಟ್ಟಿಗೆಯ ಎತ್ತರ, ಗುಬಟನ್ನು ಬಿಟ್ಟು, 9.6 ಮಿಲಿಮೀಟರ್; ಪ್ಲೇಟಿನದು 3.2 ಮಿಲಿಮೀಟರ್. ಹೀಗಾಗಿ ಐದು ಪ್ಲೇಟ್‌ಗಳನ್ನು ಒಂದರ ಮೇಲೊಂದಿಟ್ಟರೆ ಆಗುವ 16 ಮಿಲಿಮೀಟರ್ ಎತ್ತರವು ಎರಡು ಗುಬಟಿನ ಅಗಲಕ್ಕೆ ಸರಿಸಮ. ಈ ಒಂದು ಸಮೀಕರಣ ಗೊತ್ತಿದ್ದರೆ, ಪಕ್ಕದಲ್ಲಿ ಗುಬಟಿರುವ ಇಟ್ಟಿಗೆಗಳ ಸಹಾಯದಿಂದ ಗೋಡೆಯ ಒಂದು ಭಾಗವನ್ನು ಅಡ್ಡಲಾಗಿ ಮಲಗಿಸಿ ಕಟ್ಟಿದರೂ ಅದು ಸಂದಿಯಿಲ್ಲದೆ ಕೂಡುವಂತೆ ಮಾಡಬಹುದು. ಗುಬಟುಗಳೇ ಕಾಣದ ನುಣುಪಾದ ಮುಂಭಾಗ, ತೆಳುವಾದ ಕಿಟಕಿಚೌಕಟ್ಟು, ವಾಹನದ ಮುಂದಿನ ದೀಪಗಳು ಎಲ್ಲವೂ ಈ ಉಪಾಯದಿಂದಲೇ ಮೂಡುತ್ತವೆ. ಒಂದಕ್ಕೆ ಎರಡರ ಅಳತೆಯಲ್ಲಿದ್ದು ಮಧ್ಯದಲ್ಲಿ ಒಂದೇ ಗುಬಟಿರುವ ಜಂಪರ್ ಪ್ಲೇಟನ್ನೂ ಹೆಚ್ಚಾಗಿ ಕೂಡಿಸಿಟ್ಟುಕೊಳ್ಳಬೇಕು. ಅದು ಮೇಲಿನ ಭಾಗವನ್ನು ಅರ್ಧ ಗುಬಟಿನಷ್ಟು, ಅಂದರೆ 4 ಮಿಲಿಮೀಟರ್, ಸರಿಸುತ್ತದೆ. ಅಷ್ಟು ಸಣ್ಣ ಹಿಂಜರಿತದಿಂದಲೇ ಚಪ್ಪಟೆ ಗೋಡೆಗೆ ನೆರಳು, ಆಳ ಬರುತ್ತವೆ.

ಮೊದಲ ಸ್ವಂತ ಕೃತಿ ಅಂಗೈಯಲ್ಲಿ ಹಿಡಿಸುವಷ್ಟಿರಲಿ. 1978ರಿಂದ ಬಂದ ಗೊಂಬೆಯ ಎತ್ತರ ಸುಮಾರು 4 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ನಾಲ್ಕು ಇಟ್ಟಿಗೆ. ಅದಕ್ಕೆ ಒಪ್ಪುವ ಎರಡಂತಸ್ತಿನ ಮನೆಗೆ ಎಷ್ಟು ಇಟ್ಟಿಗೆ ಬೇಕೆಂದು ಲೆಕ್ಕ ಹಾಕಿದವರಿಗೆ ಚಿಕ್ಕ ಪ್ರಮಾಣದಲ್ಲಿ ಕಟ್ಟುವುದರ ಅನುಕೂಲ ತಾನೇ ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಉಚಿತವಾಗಿ ದೊರೆಯುವ ಸ್ಟುಡಿಯೋ ತಂತ್ರಾಂಶದಿಂದಲೂ ವಿನ್ಯಾಸ ಮಾಡಬಹುದಾದರೂ, ಅಲ್ಲಿ ಭಾಗಗಳಿಗೆ ಕೊರತೆಯಿಲ್ಲವಾದ್ದರಿಂದ ಹೊಸಬರು ಕೊಳ್ಳಲಾಗದ ಅರಮನೆಗಳನ್ನು ಕಟ್ಟಿಬಿಡುತ್ತಾರೆ. ಕೈಯಲ್ಲಿರುವ ಇಟ್ಟಿಗೆಗಳಿಂದ, ಬಣ್ಣ ಹೊಂದದಿದ್ದರೂ ಸರಿ, ಒಂದು ಕರಡು ಕಟ್ಟಿ ಆಕಾರವನ್ನು ತಿದ್ದಿಕೊಂಡು, ಆಮೇಲೆ ಬೇಕಾದ ಬಣ್ಣದ ಭಾಗಗಳನ್ನು ತರಿಸಿಕೊಳ್ಳುವುದು ಮೇಲು. ಭಾಗಗಳ ಅಭಾವಕ್ಕೆ ಅಂಜಬೇಕಾದದ್ದೂ ಇಲ್ಲ: ಎರಡಕ್ಕೆ ನಾಲ್ಕರ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಎಣಿಸಿದ್ದಾರೆ.

ಕೊಳ್ಳುವ ಹಂತ ಬಂದಾಗ ಬಗೆಬಗೆಯ ಭಾಗಗಳನ್ನು ಒಂದೊಂದೇ ಸೇರಿಸುವುದಕ್ಕಿಂತ ಕೆಲವೇ ಬಗೆಯವನ್ನು ಹೆಚ್ಚು ಸಂಖ್ಯೆಯಲ್ಲಿ ಕೊಳ್ಳುವುದು ಜಾಣತನ. ಬಳಸಿದ ಇಟ್ಟಿಗೆಗಳ ಮಿಶ್ರ ರಾಶಿಯನ್ನು ತೂಕದ ಮೇಲೆ ಕೊಳ್ಳುವಾಗ ಬೇರೆ ಸಂಸ್ಥೆಗಳ ಇಟ್ಟಿಗೆಗಳು ಬೆರೆತಿರಬಹುದು. ಗುಬಟಿನ ಮೇಲಿನ ಹೆಸರನ್ನು ನೋಡಿ ಪರೀಕ್ಷಿಸಬೇಕು. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಎಲ್ಲವೂ ಮುಚ್ಚಳವಿರುವ ಡಬ್ಬಿಗಳಲ್ಲಿ, ಎತ್ತರದಲ್ಲಿ ಇರಬೇಕು.

ಕಟ್ಟಿದ್ದನ್ನು ಬಿಚ್ಚಲು ಹಲ್ಲನ್ನಾಗಲಿ ಚಾಕುವನ್ನಾಗಲಿ ಬಳಸಬಾರದು. ಅಂಚುಗಳು ಕೆಡುತ್ತವೆ, ಹಲ್ಲೂ ಕೆಡುತ್ತದೆ. ಈಚಿನ ಅನೇಕ ದೊಡ್ಡ ಸೆಟ್‌ಗಳಲ್ಲಿ ಇಟ್ಟಿಗೆ ಬಿಡಿಸುವ ಪುಟ್ಟ ಸಾಧನವೊಂದು ಇರುತ್ತದೆ. ಒಂದೇ ಅಳತೆಯ ಎರಡು ಪ್ಲೇಟ್‌ಗಳು ಬಿಗಿಯಾಗಿ ಅಂಟಿಕೊಂಡಿದ್ದರೆ ಅಂಥ ಎರಡು ಸಾಧನಗಳು ಬೇಕಾಗುತ್ತವೆ: ಒಂದನ್ನು ಮೇಲಿನ ಗುಬಟುಗಳಿಗೂ ಇನ್ನೊಂದನ್ನು ಕೆಳಬದಿಗೂ ಸಿಕ್ಕಿಸಿ, ಹಿಡಿಗಳನ್ನು ಸನ್ನೆಯಂತೆ ಮೀಟಿದರೆ ಪ್ಲೇಟ್‌ಗಳು ಗೀರು ಬೀಳದೆ ಬೇರ್ಪಡುತ್ತವೆ.