ಬೀಜದ ನೆಲ್ಲಿಗೆ ಉಪ್ಪುನೀರು

ತುಂಗಭದ್ರಾ ಎಡದಂಡೆ ಕಾಲುವಿಗೆ ನೀರು ಬಿಟ್ರು ಅನ್ನೋ ಸುದ್ದಿ ಬಂತಂದ್ರ ನಮ್ಮ ಗಂಗಾವತಿ ಸೀಮ್ಯಾಗ ಎಲ್ಲರಿಗೂ ಅವಸರ. ಬೀಜದ ನೆಲ್ಲು, ಅಂದ್ರ ಭತ್ತ, ಬಕೀಟಿಗೆ ಸುರೀತಾರ, ನಳದ ನೀರು ಬಿಡ್ತಾರ, ಮ್ಯಾಲ ತೇಲಿದ್ದನ್ನ ಬಳದು ಚೆಲ್ಲಿ ಕೈ ಝಾಡಿಸ್ತಾರ. ನೋಡಿ ನೋಡಿ ನನಗ ಸಾಕಾಗೇತಿ. ಬರೇ ನೀರಿನ್ಯಾಗ ಪೂರಾ ಜೊಳ್ಳಷ್ಟ ತೇಲ್ತೈತಿ. ಅರ್ಧಮರ್ಧ ತುಂಬಿದ ಕಾಳು ಗಟ್ಟಿ ಕಾಳಿನ ಜೋಡಿನ ತಳಕ್ಕ ಹೋಗಿ ಕುಂತಿರ್ತೈತಿ. ಅದನ್ನ ಬ್ಯಾರೆ ಮಾಡಾಕ ಉಪ್ಪುನೀರ ಬೇಕು. ನಾ ಹೇಳೋದು ಮನಿಯಾಗ ಎತ್ತಿಟ್ಟ ಬೀಜಕ್ಕ; ಔಷಧ ಹಚ್ಚಿ ಬರೋ ಪಾಕೀಟು ಬೀಜದ ಮಾತು ಬ್ಯಾರೆ.

ಉಪ್ಪು ಎಷ್ಟು ಅಂತ ಕೇಳ್ತೀರಿ. 10 ಲೀಟರಿಗೆ ಒಂದೂವರಿ ಕೆ.ಜಿ. ಅಂತ ಲೆಕ್ಕ ಹೇಳೋರು ಅದಾರ. ನಮ್ಮತ್ತಿ ಎಂದೂ ತಕ್ಕಡಿ ಹಿಡೀಲಿಲ್ಲ. ಬಾನಿ ತುಂಬ ನೀರು ಹಾಕಿ, ಹರಳುಪ್ಪು ಬೊಗಸಿ ಬೊಗಸಿ ಸುರುವಿ, ಮೊಣಕೈ ಮಟ ಕೈ ಇಳಿಸಿ ತಿರುವುತ್ತಿದ್ರು. ಆಮ್ಯಾಲ ಒಂದು ತತ್ತಿ ಬಿಡೋರು. ಉಪ್ಪು ಕರಗಿದಷ್ಟೂ ನೀರಿನ ಸಾಂದ್ರತೆ ಏರ್ತೈತಿ, ಭಾರದ ನೀರು ತತ್ತೀನ ಮ್ಯಾಲಕ್ಕ ನೂಕ್ತೈತಿ. ತತ್ತಿ ತೇಲಿ, ಅದರ ನೆತ್ತಿ ನಾಲ್ಕಾಣೆ ನಾಣ್ಯದಷ್ಟು ಅಗಲ ನೀರಿನ ಹೊರಗ ಕಾಣಬೇಕು. 2011ರಾಗ ನಾಲ್ಕಾಣೆ ಬಂದ್ ಆತು, ಈಗಿನ ಹುಡುಗರಿಗೆ ಅದರ ಅಳತಿ ಗೊತ್ತಿಲ್ಲ. ನಿಮ್ಮ ಹೆಬ್ಬೆಟ್ಟಿನ ಉಗುರಿಗಿಂತ ಒಂದೀಟು ಅಗಲ ಅನ್ಕೋರಿ.

ತತ್ತಿ ತಳಕ್ಕೂ ಇಳೀದ, ಮ್ಯಾಲಕ್ಕೂ ಬರದ ನಟ್ಟನಡುವ ಜೋತುಬಿದ್ದಂಗ ನಿಂತ್ರ ನೀವು ಸರಿ ತಿರುವಿಲ್ಲ ಅಂತ ಅರ್ಥ. ತಳದ ನೀರು ಭಾರ ಆಗೇತಿ, ಮ್ಯಾಲಿಂದು ಹಗುರ ಉಳದೈತಿ. ಕೈಗೆ ಹರಳು ತಾಕೂದು ನಿಲ್ಲೋತನಕ ತಿರುವ್ರಿ.

ತತ್ತಿ ಮಾತ್ರ ತಾಜಾ ಇರಬೇಕು, ಇದನ್ನ ಎಷ್ಟು ಸಲ ಹೇಳಿದ್ರೂ ಕೇಳಂಗಿಲ್ಲ. ಹೋದ ವರ್ಷ ನಮ್ಮ ಮೈದುನನ ಮಗ ಎಷ್ಟೋ ದಿನದಿಂದ ಮನಿಯಾಗ ಬಿದ್ದಿದ್ದ ತತ್ತಿ ಬಿಟ್ಟ. ಎರಡು ಬೊಗಸಿ ಉಪ್ಪಿಗೇ ತೇಲಿತು, ಖುಷಿಪಟ್ಟ. ನಮ್ಮ ಬಿಸಲಿಗೆ ತತ್ತಿಯೊಳಗಿನ ನೀರಿನ ಅಂಶ ಸಿಪ್ಪಿಯ ಸಣ್ಣ ತೂತಿನ್ಯಾಗಿಂದ ಆರಿಹೋಗಿ, ಆ ಜಾಗಾದಾಗ ಗಾಳಿ ತುಂಬಿರ್ತೈತಿ. ಹಳೇದಾದಷ್ಟೂ ಅದು ಹಗುರ. ಅವನ ಉಪ್ಪುನೀರು ಸಪ್ಪಗ ಇತ್ತು, ಅರೆಬರೆ ಕಾಳೆಲ್ಲ ಮುಳುಗಿ ಬೀಜ ಅನಿಸ್ಕೊಂಡ್ವು. ಸಸಿ ಮಡಿ ಬೋಳು ತಲಿ ಆದಂಗ ಆತು. ಅದಕ್ಕ ತತ್ತೀನ ಮೊದಲು ಬರೇ ನೀರಿಗೆ ಹಾಕಿ ನೋಡ್ರಿ. ತಳದಾಗ ಅಡ್ಡ ಮಲಗಿದ್ರ ತಾಜಾ. ನೆಟ್ಟಗ ನಿಂತ್ರ ಬ್ಯಾಡ.

ಈಗ ನೆಲ್ಲು. ಇಲ್ಲೇ ಎಲ್ಲರೂ ಎಡವೋದು. ಸುರುವಿದ ಕೂಡ್ಲೆ ತೇಲಿದ್ದೆಲ್ಲ ಜೊಳ್ಳಲ್ಲ. ಬಗ್ಗಿ ನೋಡ್ರಿ, ನೆಲ್ಲಿನ ಸಿಪ್ಪಿ ಮ್ಯಾಲ ನವಿರು ಸುಂಕು ಇರ್ತೈತಿ, ಅದರಾಗ ಗಾಳಿ ಸಿಕ್ಕು ಸಾಸಿವಿಗಿಂತ ಸಣ್ಣ ಗುಳ್ಳಿ ಹೊಳೀತಿರ್ತಾವು. ನೀರಿನ ಮ್ಯಾಲ್ಮೈಯೂ ಎಳದು ಕಟ್ಟಿದ ಪರದಿಯಂಗ ಒಣ ಕಾಳನ್ನ ಹೊತ್ಕೊಂಡಿರ್ತೈತಿ. ಮೇಲ್ಮೈ ಎಳೆತ ಅಂತ ನೀವ ಸಾಲ್ಯಾಗ ಓದೀರಿ, ಬಾನಿ ಮುಂದ ಕುಂತಾಗ ಮರೀತೀರಿ! ನೆಲ್ಲನ್ನ ಸ್ವಲ್ಪ ಸ್ವಲ್ಪ ಬಿಟ್ಟು, ಅಂಗೈಲೆ ಒಳಗ ಒತ್ರಿ, ಬೆರಳು ಬಿಡಿಸಿ ಮೆಲ್ಲಕ ತಿರುವ್ರಿ. ಗುಳ್ಳಿ ಬಿಟ್ಟ ಕಾಳು ಒಂದೊಂದ ಕೆಳಗ ಇಳೀತಾವು. ಕೈ ತಗದು ನೀರು ನಿಲ್ಲೋತನಕ ಕಾಯ್ರಿ, ಇನ್ನೊಮ್ಮೆ ಒತ್ರಿ. ಆಮ್ಯಾಲೂ ತೇಲಿದ್ದು ಜೊಳ್ಳು, ಅದನ್ನ ಬಳೀರಿ.

 

ತಳದ ಬೀಜ ತಗದ ಕೂಡ್ಲೆ ಎರಡು ಮೂರು ಸಲ ಸಿಹಿ ನೀರಿನ್ಯಾಗ ತೊಳೀರಿ. ಉಪ್ಪು ಉಳದ್ರ ಮೊಳಕಿ ಕೆಡ್ತೈತಿ. ಆಮ್ಯಾಲ ನೆನಿ ಹಾಕೋದು, ಗೋಣಿಚೀಲದಾಗ ಕಟ್ಟೋದು ನಿಮಗ ಗೊತ್ತೈತಿ. ಅದ ಉಪ್ಪುನೀರು ಮುಂದಿನ ಬೀಜಕ್ಕೂ ಬರ್ತೈತಿ, ಆದ್ರ ಪ್ರತಿ ಸಲ ತತ್ತಿ ಬಿಟ್ಟು ನೋಡಿ, ಅದು ಮೊದಲಿನಷ್ಟು ಮ್ಯಾಲ ತೇಲದಿದ್ರ ಒಂದು ಬೊಗಸಿ ಉಪ್ಪು ಕೂಡಿಸ್ರಿ. ಕೊನಿಗೆ ಆ ನೀರನ್ನ ಹೊಲಕ್ಕ, ಗಿಡದ ಬುಡಕ್ಕ ಚೆಲ್ಲಬ್ಯಾಡ್ರಿ. ನಮ್ಮ ಕಡಿ ನೆಲ ಮೊದಲ ಸವಳು ಹತ್ತೇತಿ.