ಏಜೆಂಟ್ ಇಲ್ಲದೆ ಡ್ರಿಪ್ ಸಬ್ಸಿಡಿ: ಮೂರನೇ ಸಲಕ್ಕೆ ಬಂತು

"ಡೀಲರ್ ಕೈಗೆ ಪಹಣಿ ಕೊಟ್ಟು ಸುಮ್ನೆ ಕೂತ್ಕೋ, ನೀನೇ ಓಡಾಡಿದರೆ ಆಗೋ ಕೆಲಸ ಅಲ್ಲ" ಅಂತ ನಮ್ಮೂರ ಕಟ್ಟೆ ಮೇಲಿದ್ದವರೆಲ್ಲ ಹೇಳಿದ್ದರು. ನಮ್ಮ ಭಾವನಂತೂ ಸಾವಿರ ರೂಪಾಯಿ ಪಂದ್ಯ ಕಟ್ಟಿದ್ದರು. ಮಾರಿಕಣಿವೆ ಡ್ಯಾಂ ಕೋಡಿ ಬಿದ್ದ ವರ್ಷ, 2022ರಲ್ಲಿ, ಹನಿ ನೀರಾವರಿ (ಡ್ರಿಪ್) ಸಬ್ಸಿಡಿ ದುಡ್ಡು ನನ್ನ ಖಾತೆಗೆ ಬಂತು. ಭಾವನ ಸಾವಿರ ಇನ್ನೂ ಬಂದಿಲ್ಲ.

ಹಿರಿಯೂರು ಕಡೆ ನಮ್ಮದು ಎರಡೂವರೆ ಎಕರೆ ದಾಳಿಂಬೆ. ಮೊದಲ ಸಲ ಏಜೆಂಟ್ ಮೂಲಕವೇ ಹೋದೆ. ಮುಂಗಡ ಮೂರು ಸಾವಿರ, ಆಮೇಲೆ "ಫೈಲ್ ಮೂವ್ ಆಗಬೇಕು" ಅಂತ ಇನ್ನೆರಡು. ಫೈಲ್ ಇದ್ದದ್ದು ಅವನ ಬೈಕಿನ ಡಿಕ್ಕಿಯಲ್ಲಿ. ಅಷ್ಟರಲ್ಲಿ ಮಾರ್ಚ್ ಕಳೆಯಿತು, ಆ ವರ್ಷದ ಅನುದಾನವೂ ಮುಗಿಯಿತು.

ಎರಡನೇ ಸಲ ನಾನೇ ಅರ್ಜಿ ಹಾಕಿದೆ, ವಾಪಸ್ ಬಂತು. ಪಹಣಿಯಲ್ಲಿ ಜಮೀನಿನ ಮಾಲೀಕರ ಹೆಸರಿರೋ 9ನೇ ಕಾಲಂನಲ್ಲಿ ಇನ್ನೂ ಅಪ್ಪನ ಹೆಸರಿತ್ತು. ಅವರು ಹೋಗಿ ಆರು ವರ್ಷ ಆಗಿತ್ತು, ನಮಗೆ ಯಾರಿಗೂ ನೆನಪಾಗಿರಲಿಲ್ಲ. ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋ ಪೌತಿ ಖಾತೆಗೆ ವಂಶವೃಕ್ಷ ಮಾಡಿಸಿ, ಅಕ್ಕಂದಿರಿಬ್ಬರನ್ನು ಕರೆಸಿ ಸಹಿ ಹಾಕಿಸಿದೆ. ಬಸ್ ಚಾರ್ಜು, ಒಂದೊಂದು ಸೀರೆ, ಊಟ, ಜೆರಾಕ್ಸು ಎಲ್ಲಾ ಸೇರಿ ಏಳು ಸಾವಿರ ದಾಟಿತು. ಸಬ್ಸಿಡಿ ಲೆಕ್ಕ ಹಾಕುವವರು ಸೀರೆಯ ಲೆಕ್ಕ ಬಿಡಬಾರದು.

ಆಮೇಲೆ ಒಂದು ತೀರ್ಮಾನ ಮಾಡಿದೆ. ಕಾಗದ ಪೂರ್ತಿ ಸರಿಯಾಗೋವರೆಗೂ ಅರ್ಜಿಯೇ ಬೇಡ. ಎಲ್ಲರೂ ಮೊದಲು ಅರ್ಜಿ ಹಾಕಿ ಆಮೇಲೆ ಕಾಗದದ ಹಿಂದೆ ಓಡ್ತಾರೆ, ನಾನು ಉಲ್ಟಾ ಮಾಡಿದೆ. ಪಹಣಿಯಲ್ಲಿ ನನ್ನ ಹೆಸರಿನ ಜೊತೆ "ಬಿನ್" ಅಂತ ಅಪ್ಪನ ಹೆಸರು, ಆಧಾರ್‌ನಲ್ಲಿ ಬರೀ ಇನಿಷಿಯಲ್, ಪಾಸ್‌ಬುಕ್‌ನಲ್ಲಿ ಅದೂ ಇಲ್ಲ. ಮೂರನ್ನೂ ಹೊಂದಿಸಿದೆ, ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ನಂಬರ್) ಹೊಸ ಪಹಣಿ ಸೇರಿಸಿದೆ. ಬೆಳೆ ಸಮೀಕ್ಷೆಯಲ್ಲಿ ನನ್ನ ದಾಳಿಂಬೆ ಹೊಲಕ್ಕೆ ಯಾರೋ ಶೇಂಗಾ ಅಂತ ಹಾಕಿದ್ದರು. ಮುಂದಿನ ಹಂಗಾಮಿಗೆ ಗಿಡದ ಪಕ್ಕ ನಿಂತು ಆ್ಯಪ್‌ನಲ್ಲಿ ನಾನೇ ಫೋಟೋ ಹಾಕಿದೆ. ಬ್ಯಾಂಕಿನ ಪಾಠ ಪಿಎಂ ಕಿಸಾನ್ ಕಲಿಸಿತ್ತು. ಅದರ ಒಂದು ಕಂತು, ಎರಡು ಸಾವಿರ, ನಾನು ಮರೆತೇಬಿಟ್ಟಿದ್ದ ಹಳೇ ಖಾತೆಗೆ ಹೋಗಿತ್ತು. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಲಿಂಕ್ ಆಗಿದೆಯೋ ದುಡ್ಡು ಅಲ್ಲಿಗೇ, ನೀವು ಯಾವ ಪಾಸ್‌ಬುಕ್ ಕೊಟ್ಟರೂ ಅಷ್ಟೆ.

ಅರ್ಜಿ ಹಾಕಿದ್ದು ಏಪ್ರಿಲ್ ಮೊದಲ ವಾರ. ಹಿಂದಿನ ದಿನ ಕಚೇರಿಯಲ್ಲಿ ಯಾರನ್ನು, ಏನು ಕೇಳಿದೆ ಅನ್ನೋದು ನನ್ನ ಹತ್ರಾನೇ ಇರಲಿ. ಲಂಚ ಅಲ್ಲ, ಅಷ್ಟು ಹೇಳ್ತೀನಿ.

ಈಗ ದುಡ್ಡಿನ ವಿಷಯ. ಆಗ 2 ಹೆಕ್ಟೇರ್‌ವರೆಗೆ 90 ಪರ್ಸೆಂಟ್ ಇತ್ತು. ಅದು ಬಿಲ್ಲಿನ ಮೇಲಲ್ಲ, ಹೆಕ್ಟೇರಿಗೆ ಇಷ್ಟು ಖರ್ಚು ಅಂತ ಸರ್ಕಾರವೇ ಹಾಕಿದ ಲೆಕ್ಕ, ಅಂದ್ರೆ ಯೂನಿಟ್ ಕಾಸ್ಟ್ ಮೇಲೆ. ಗಿಡದ ಅಂತರ ಜಾಸ್ತಿ ಇದ್ದಷ್ಟೂ ಆ ಕಾಸ್ಟ್ ಕಡಿಮೆ. ನಮ್ಮದು ಸಾಲಿಂದ ಸಾಲಿಗೆ 12 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ. ಸಾಲಿಗೆ ಎರಡು ಲ್ಯಾಟರಲ್ (ಡ್ರಿಪ್ಪರ್ ಇರೋ ಸಣ್ಣ ಪೈಪು) ಎಳೆದದ್ದು ನನ್ನ ಹಠ, ಅದಕ್ಕೆ ಅವರು ಕೊಡಲ್ಲ. ಬಿಲ್ 65 ಸಾವಿರದ ಆಸುಪಾಸು, ಬಂದದ್ದು 35ರ ಮೇಲೆ ಸ್ವಲ್ಪ. ಒಪ್ಪಿಗೆ ಪತ್ರ ಬರೆದುಕೊಟ್ಟಿದ್ದರೆ ಅದೂ ನೇರ ಡೀಲರ್‌ಗೇ ಹೋಗ್ತಿತ್ತು. ನಾನು ಪೂರ್ತಿ ಬಿಲ್ ಕಟ್ಟಿದೆ, ಅದಕ್ಕೆ ಚೌಕಾಸಿ ಮಾಡೋಕೆ ಬಾಯಿ ಬಂತು. ಒಮ್ಮೆ ತಗೊಂಡರೆ 7 ವರ್ಷ ಆ ಸರ್ವೆ ನಂಬರಿಗೆ ಮತ್ತೆ ಸಿಗಲ್ಲ, ಅದಕ್ಕೆ ಪೈಪಿನಲ್ಲಿ ಜಿಪುಣತನ ಮಾಡಲಿಲ್ಲ.

ಡ್ರಿಪ್ ಬಂದ ಹುರುಪಿನಲ್ಲಿ ಪೈಪಿನ ನೀರಿಗೆ ಗೊಬ್ಬರ ಸೇರಿಸೋ ವೆಂಚುರಿಯಿಂದ ಜೀವಾಮೃತ (ಸಗಣಿ, ಗಂಜಲದ ದ್ರವ ಗೊಬ್ಬರ) ಬಿಟ್ಟೆ. ಎಂಟೇ ದಿನಕ್ಕೆ ಅರ್ಧ ಡ್ರಿಪ್ಪರ್ ಕಟ್ಟಿಕೊಂಡವು. ಹಳೇ ಪಂಚೆ ಎರಡು ಮಡಿಕೆ ಮಾಡಿ ಸೋಸಿದ ಮೇಲೆ ಪರವಾಗಿಲ್ಲ. ಅಳಿಲು ಲ್ಯಾಟರಲ್ ಕಡಿಯೋದಕ್ಕೆ ಮಾತ್ರ ಯಾವ ಇಲಾಖೆಯೂ ಕೊಡಲ್ಲ ಅಲ್ವಾ? ನೀರಡಿಕೆಗೇ ಕಡಿಯುತ್ತವೆ ಅಂತ ಬದುವಿನ ಮೇಲೆ ನಾಲ್ಕು ಮಡಕೆ ನೀರಿಟ್ಟೆ. ಕಡಿಯೋದು ನಿಂತಿಲ್ಲ, ಅರ್ಧಕ್ಕರ್ಧ ಕಡಿಮೆಯಾಗಿದೆ.