ನರಿ-ಕೊಕ್ಕರೆ ಕುರ್ಚಿಯನ್ನು ಬಿಚ್ಚಿ ಕಟ್ಟಿದ್ದು

ಫ್ರಾನ್ಸಿನ ಲಿಯೋಂ ನಗರದ ಹಳೆ ಸಾಮಾನಿನ ಸಂತೆಯಲ್ಲಿ ಈ ತೋಳುಕುರ್ಚಿ ಕೊಂಡೆ. ಬೀಚ್ ಮರ, ಬಾಗಿದ ಕಾಲು, ಮುಂಪಟ್ಟಿಯ ನಡುವೆ ಕೆತ್ತಿದ ಎರಡು ಹೂವು, ಆಸನದ ಮೇಲೆ ನರಿ-ಕೊಕ್ಕರೆ ಕತೆಯ ನೇಯ್ಗೆ. ಅದೇ ದೇಶದ ಬೋವೆ ಊರಿನ ನೇಯ್ಗೆ ಕಾರ್ಖಾನೆಯನ್ನು 1734ರಲ್ಲಿ ಊದ್ರಿ ಎಂಬ ಚಿತ್ರಕಾರ ವಹಿಸಿಕೊಂಡ. ಕುರ್ಚಿಗಳ ಮೇಲೆ ಪ್ರಾಣಿಕತೆಗಳು ಮನೆಮಾತಾಗಿದ್ದು ಅವನ ಚಿತ್ರಗಳಿಂದ.

ಅಡಿಬಟ್ಟೆ ಬಿಚ್ಚಿದರೆ ಒಳಗೆ ಸ್ಪ್ರಿಂಗ್. ಅದು 19ನೇ ಶತಮಾನದ ಪದ್ಧತಿ. ಆದರೆ ಹಳೆ ಕುರ್ಚಿಗೂ ಆಮೇಲೆ ಸ್ಪ್ರಿಂಗ್ ಕೂರಿಸುತ್ತಿದ್ದರು, ಅದಕ್ಕೇ ಮೊಳೆ ತೂತು ಎಣಿಸಿದೆ. ಒಂದೇ ಸಾಲು. ಅಂದರೆ ಯಾರೂ ಇದನ್ನು ಮತ್ತೆ ಹೊದಿಸಿಲ್ಲ. 18ನೇ ಶತಮಾನದ ಫ್ರೆಂಚ್ ದೊರೆ ಹದಿನೈದನೇ ಲೂಯಿಯ ಕಾಲದ್ದಲ್ಲ, ಆ ಶೈಲಿಯಲ್ಲಿ ನಂತರ ಮಾಡಿದ್ದು. ನನಗೇನೂ ಬೇಸರವಾಗಲಿಲ್ಲ, ಕೆತ್ತನೆ ಅಷ್ಟು ಚೆಂದ.

ಮೊಳೆ ಕೀಳುವಾಗ ಉಳಿಯನ್ನು ಮರದ ಎಳೆಯ ಜೊತೆಗೇ ಹೊಡೆಯಬೇಕು. ಒಂದು ಕಡೆ ಅಡ್ಡ ಹೊಡೆದೆ, ಅಂಚಿನ ಚಕ್ಕೆ ಹಾರಿತು. ಹುಡುಕಿ ತಂದು ಬಿಸಿ ಸರೇಸಿನಲ್ಲಿ, ಅಂದರೆ ಪ್ರಾಣಿಗಳ ಚರ್ಮ-ಮೂಳೆಯ ಅಂಟಿನಲ್ಲಿ, ಅಂಟಿಸಿದೆ. ಈ ಕೆಲಸಕ್ಕೆ ಸರೇಸೇ ಸರಿ: ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಬಿಸಿ ನೀರಿಗೆ ಬಿಟ್ಟುಕೊಡುತ್ತದೆ.

ನೇಯ್ಗೆಯದ್ದೇ ನಿಜವಾದ ಕೆಲಸ. ಬೆಳಕಿಗೆ ಹಿಡಿದಾಗ ನರಿಯ ಬೆನ್ನಿನ ಗೆರೆಯಲ್ಲಿ ಹೊಕ್ಕಿನ ನೂಲೇ ಇರಲಿಲ್ಲ, ಬರಿಯ ಹಾಸು ಕಾಣುತ್ತಿತ್ತು. ಪಕ್ಕದ ನೀಲಿ ಗಟ್ಟಿಯಾಗಿದೆ, ಕಪ್ಪುಗಂದು ಮಾತ್ರ ಬೆರಳಿಗೆ ಪುಡಿ. ಆ ಬಣ್ಣ ಕೂರಲು ಅನ್ನಭೇದಿ ಎಂಬ ಕಬ್ಬಿಣದ ಲವಣ ಹಾಕುತ್ತಿದ್ದರು. ಅದರ ಕಬ್ಬಿಣವೇ ಕಾಲಾಂತರದಲ್ಲಿ ಉಣ್ಣೆಯನ್ನು ತಿನ್ನುತ್ತದೆ.

ತೊಳೆಯುವ ಆಸೆ ಇತ್ತು. ಒದ್ದೆ ಬಿಳಿ ಹತ್ತಿಯನ್ನು ಮೂಲೆಯ ಕೆಂಪಿನ ಮೇಲೆ ಒತ್ತಿದೆ, ಗುಲಾಬಿ ಬಣ್ಣ ಹತ್ತಿತು. ಅಲ್ಲಿಗೆ ನೀರಿನ ಮಾತು ಬಿಟ್ಟೆ. ಮೇಲೆ ಸೊಳ್ಳೆಪರದೆ ಬಟ್ಟೆ ಹಾಸಿ, ಕಡಿಮೆ ವೇಗದ ವ್ಯಾಕ್ಯೂಮ್‌ನಿಂದ ಧೂಳು ತೆಗೆದೆ. ಹಿಂದಿನ ಮಗ್ಗುಲಲ್ಲೂ ಹಾಗೇ, ಅಲ್ಲಿಂದಲೇ ಹೆಚ್ಚು ಬಂತು.

ಕಳೆದುಹೋದ ಗೆರೆಯನ್ನು ಮತ್ತೆ ನೇಯಲಿಲ್ಲ. ಅದೇ ಕಂದಿಗೆ ಹತ್ತಿರದ ಲಿನನ್ ಬಟ್ಟೆ ಹಿಂದೆ ಕೊಟ್ಟು, ಸಡಿಲ ಹಾಸುಗಳನ್ನು ಬಾಗು ಸೂಜಿಯಿಂದ ಒಂದೊಂದಾಗಿ ಅದಕ್ಕೆ ಕಟ್ಟಿದೆ. ಮೂರು ಹೆಜ್ಜೆ ಹಿಂದೆ ನಿಂತರೆ ನರಿಯ ಬೆನ್ನು ಕಾಣುತ್ತದೆ, ಹತ್ತಿರ ಬಂದರೆ ದುರಸ್ತಿಯೂ ಕಾಣುತ್ತದೆ. ಅದನ್ನು ಮರೆಮಾಚುವ ಇಷ್ಟ ನನಗಿಲ್ಲ.

ಒಳಗಿನ ಕುದುರೆಕೂದಲನ್ನು ತೊಳೆದು, ಒಣಗಿಸಿ, ಕೈಯಿಂದ ಬಿಡಿಸಿ ಅದನ್ನೇ ತುಂಬಿದೆ. ಹೊಸ ಮೊಳೆಯೆಲ್ಲ ಒಳಬಟ್ಟೆಗೆ, ಹಳೆ ತೂತುಗಳಲ್ಲೇ. ನೇಯ್ಗೆಯನ್ನು ಆ ಬಟ್ಟೆಯ ಅಂಚಿಗೆ ಹೊಲಿದೆ. ಈಗ ಕುರ್ಚಿ ಕಿಟಕಿಯಿಂದ ದೂರದ ಗೋಡೆಗಿದೆ. ಕೊಕ್ಕರೆಯ ರೆಕ್ಕೆ ರೇಷ್ಮೆಯದು, ಬಿಸಿಲು ತಡೆಯದು.